ಯಾವ ವಯಸ್ಸಿನಲ್ಲೂ ಕಲಿಯುತ್ತಿರಲು: ಬಿಟ್ಟುಹೋದರೂ ಮರಳಿ ಬರುವ ಅಭ್ಯಾಸವನ್ನು ಕಟ್ಟಿಕೊಳ್ಳುವ ಬಗೆ

ಕಲಿಯಲು ಆರಂಭಿಸುವುದು ಅಷ್ಟೇನೂ ಕಷ್ಟವಲ್ಲ. ಹೊಸ ಭಾಷೆಯ ಪುಸ್ತಕ ಕೊಳ್ಳುವವರು, ಸಂಗೀತದ ತರಗತಿಗೆ ಹೆಸರು ಕೊಡುವವರು, ಆನ್‌ಲೈನ್ ಕೋರ್ಸಿಗೆ ನೋಂದಾಯಿಸಿಕೊಳ್ಳುವವರು ಎಲ್ಲ ವಯಸ್ಸಿನಲ್ಲೂ ಇದ್ದಾರೆ. ಉಚಿತವಾಗಿ ದೊರೆಯುವ ಆನ್‌ಲೈನ್ ಕೋರ್ಸುಗಳಿಗೆ ಸೇರಿದವರಲ್ಲಿ ಬಹುಪಾಲು ಜನ ಅವನ್ನು ಮುಗಿಸುವುದಿಲ್ಲ ಎಂಬುದೂ ಗುಟ್ಟಿನ ಸಂಗತಿಯಲ್ಲ. ಕಲಿಕೆ ಕಡಿದುಬೀಳುವುದು ನಡುದಾರಿಯಲ್ಲಿ. ಮನೆಯಲ್ಲಿ ಯಾರಿಗೋ ಕಾಯಿಲೆ, ಕಚೇರಿಯಲ್ಲಿ ಕೆಲಸದ ಒತ್ತಡ ಅಥವಾ ಒಂದು ಪ್ರಯಾಣದ ದೆಸೆಯಿಂದ ಹತ್ತು ದಿನ ತಪ್ಪಿಹೋಗುತ್ತದೆ. ಹನ್ನೊಂದನೆಯ ದಿನ ಪುಸ್ತಕ ತೆರೆದರೆ ಹಿಂದೆ ಓದಿದ್ದೆಲ್ಲ ಮಸುಕಾಗಿರುತ್ತದೆ. ಅದನ್ನು ಕಂಡು ನಾಚಿಕೆಯಾಗಿ, ‘ಈ ವಯಸ್ಸಿನಲ್ಲಿ ಇದು ನನ್ನ ತಲೆಗೆ ಹತ್ತದು’ ಎಂಬ ತೀರ್ಮಾನಕ್ಕೆ ಬಂದು ಪುಸ್ತಕವನ್ನು ಕಪಾಟಿಗೆ ಸೇರಿಸುತ್ತೇವೆ. ಬದುಕಿಡೀ ಕಲಿಯುತ್ತಿರುವವರೂ ಹೀಗೆ ನಡುವೆ ಬಿಡುತ್ತಾರೆ, ಆದರೆ ಅವರು ಮರಳಿ ಬರುತ್ತಾರೆ. ಈ ಕೆಳಗಿನ ಹೆಜ್ಜೆಗಳನ್ನೆಲ್ಲ ಆ ಒಂದು ಉದ್ದೇಶದಿಂದಲೇ ಜೋಡಿಸಿದ್ದೇನೆ: ಕಲಿಕೆ ಆಗಾಗ ತುಂಡಾಗುವುದು ಖಚಿತವೆಂದು ಮೊದಲೇ ಒಪ್ಪಿಕೊಂಡು, ಮರಳುವ ದಾರಿಯನ್ನು ಸುಗಮ ಮಾಡಿಟ್ಟುಕೊಳ್ಳುವುದು.

ವಯಸ್ಸಿನ ಲೆಕ್ಕವನ್ನು ಮೊದಲು ಸರಿಪಡಿಸಿಕೊಳ್ಳಿ

ವಯಸ್ಸಾದಂತೆ ಕಲಿಯುವ ಶಕ್ತಿ ಕುಂದುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎಂದಾಗಲಿ ಇಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಉತ್ತರಿಸಲಾಗದು, ಏಕೆಂದರೆ ಬುದ್ಧಿಶಕ್ತಿ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಹಲವು ಬಗೆಯ ಸಾಮರ್ಥ್ಯಗಳು ಸೇರಿಕೊಂಡಿವೆ ಮತ್ತು ಅವು ಒಂದೇ ಕಾಲಕ್ಕೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಜೋಶುವಾ ಹಾರ್ಟ್‌ಶೋರ್ನ್ ಮತ್ತು ಲಾರಾ ಜರ್ಮೈನ್ ಎಂಬ ಸಂಶೋಧಕರು ಸಾವಿರಾರು ಜನರ ಪರೀಕ್ಷಾಫಲಿತಾಂಶಗಳನ್ನು ಆಧರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಹಿತಿಯನ್ನು ಚುರುಕಾಗಿ ಗ್ರಹಿಸಿ ಸಂಸ್ಕರಿಸುವ ವೇಗ ಹದಿಹರೆಯದ ಕೊನೆಯಲ್ಲೇ ತುತ್ತತುದಿಗೆ ಮುಟ್ಟುವುದೂ, ಅಲ್ಪಾವಧಿ ನೆನಪು ಇಪ್ಪತ್ತೈದರ ಆಸುಪಾಸಿನಲ್ಲಿ ಅತ್ಯುತ್ತಮವಾಗಿರುವುದೂ, ಪದಸಂಪತ್ತು ಮಾತ್ರ ಅರವತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುವುದೂ ಕಂಡುಬಂದಿತು. ಎಂದರೆ, ಎಲ್ಲ ವಿಷಯದಲ್ಲೂ ಶಿಖರದಲ್ಲಿರುವ ವಯಸ್ಸು ಎಂಬುದೇ ಇಲ್ಲ.

ಮಿದುಳು ಇಳಿವಯಸ್ಸಿನಲ್ಲಿಯೂ ಬದಲಾಗಬಲ್ಲುದು ಎಂಬುದಕ್ಕೆ ನೇರವಾದ ಸಾಕ್ಷ್ಯಗಳಿವೆ. 2008ರಲ್ಲಿ ಜರ್ಮನಿಯ ಸಂಶೋಧಕರ ತಂಡವೊಂದು ಅರವತ್ತರ ಆಸುಪಾಸಿನವರಿಗೆ ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ಕೌಶಲವನ್ನು ಮೂರು ತಿಂಗಳು ಕಲಿಸಿ ಅವರ ಮಿದುಳಿನ ಚಿತ್ರಗಳನ್ನು ತೆಗೆಯಿತು. ಯುವಕರಿಗೆ ಹೋಲಿಸಿದರೆ ಆಟವನ್ನು ಪೂರ್ಣವಾಗಿ ಕರಗತ ಮಾಡಿಕೊಂಡವರ ಸಂಖ್ಯೆ ಕಡಿಮೆಯೇ ಇತ್ತು; ಆದರೆ ಕಲಿತವರ ಮಿದುಳಿನಲ್ಲಿ, ಚಲನೆಯನ್ನು ಗುರುತಿಸುವ ಭಾಗದಲ್ಲಿಯೂ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದಲ್ಲಿಯೂ ಬೂದು ದ್ರವ್ಯ, ಎಂದರೆ ನರಕೋಶಗಳು ದಟ್ಟವಾಗಿರುವ ಅಂಗಾಂಶ, ಹೆಚ್ಚಿತ್ತು. ಅಭ್ಯಾಸ ನಿಲ್ಲಿಸಿದ ಮೇಲೆ ಆ ಹೆಚ್ಚಳ ಮತ್ತೆ ಇಳಿಯಿತು. ಈ ಪ್ರಯೋಗವನ್ನು ಉತ್ಸಾಹದಿಂದ ಉಲ್ಲೇಖಿಸುವವರು ಕೊನೆಯ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನನಗಾದರೋ ಅದೇ ಮುಖ್ಯವೆನಿಸುತ್ತದೆ.

ಇದರಿಂದ ವ್ಯವಹಾರದಲ್ಲಿ ಅನುಸರಿಸಬೇಕಾದದ್ದು ಎರಡು. ಮೊದಲನೆಯದಾಗಿ, ನಲವತ್ತು ದಾಟಿದವರು ವೇಗದಲ್ಲಿ ಸ್ಪರ್ಧಿಸುವ ಕಲಿಕೆಯನ್ನು, ಅಂದರೆ ಗಡಿಯಾರ ನೋಡಿಕೊಂಡು ಉತ್ತರಿಸಬೇಕಾದ ಪರೀಕ್ಷೆಗಳನ್ನು, ನಿಲ್ಲಿಸಲಾಗದ ವೇಗದ ಉಪನ್ಯಾಸಗಳನ್ನು ಆದಷ್ಟು ಬದಿಗಿಡಬೇಕು; ತಮ್ಮ ಗತಿಯಲ್ಲಿ ಹೋಗಲು ಅವಕಾಶ ಸಿಕ್ಕಾಗ ಕಿರಿಯರಿಗೂ ಹಿರಿಯರಿಗೂ ಇರುವ ಅಂತರ ಗಣನೀಯವಾಗಿ ತಗ್ಗುತ್ತದೆ. ಎರಡನೆಯದಾಗಿ, ಈಗಾಗಲೇ ತಿಳಿದದ್ದಕ್ಕೆ ಹೊಸದನ್ನು ಕಟ್ಟಬೇಕು. ಮೂವತ್ತು ವರ್ಷ ಲೆಕ್ಕಪತ್ರ ನೋಡಿದವರಿಗೆ ಸಂಖ್ಯಾಶಾಸ್ತ್ರದ ಸರಾಸರಿ, ಏರಿಳಿತಗಳು ವಿದ್ಯಾರ್ಥಿಗಿಂತ ಬೇಗ ಅರ್ಥವಾಗುತ್ತವೆ, ಏಕೆಂದರೆ ಆ ಅಂಕಿಗಳ ಹಿಂದಿನ ವ್ಯವಹಾರ ಅವರಿಗೆ ಗೊತ್ತು. ಇನ್ನು ಕಣ್ಣು, ಕಿವಿಗಳ ತಪಾಸಣೆಯ ಮಾತು: ಓದಿದ್ದು ತಲೆಗೆ ಹೋಗುತ್ತಿಲ್ಲ ಎಂದು ಕೊರಗುವ ಎಷ್ಟೋ ಜನರಿಗೆ ನಿಜವಾಗಿ ಬೇಕಾಗಿರುವುದು ಹೊಸ ಕನ್ನಡಕ ಮತ್ತು ಒಳ್ಳೆಯ ಬೆಳಕು.

ಹೆಜ್ಜೆ 1: ವಿಷಯವನ್ನು ಒಂದು ಪ್ರಶ್ನೆಯಾಗಿ ಕುಗ್ಗಿಸಿ

‘ಖಗೋಳವಿಜ್ಞಾನ ಕಲಿಯುತ್ತೇನೆ’, ‘ಇತಿಹಾಸ ಓದುತ್ತೇನೆ’ ಎಂಬ ಸಂಕಲ್ಪಗಳಿಗೆ ಕೊನೆಯೆಂಬುದಿಲ್ಲ; ಕೊನೆಯಿಲ್ಲದ ಕೆಲಸವನ್ನು ಎಲ್ಲಿ ಬಿಟ್ಟೆವೆಂದು ಗುರುತಿಸುವುದೂ ಆಗದು, ಆದ್ದರಿಂದ ಮರಳುವುದೂ ಕಷ್ಟ. ವಿಷಯದೊಳಗಿನ ಒಂದು ಪ್ರಶ್ನೆಯನ್ನು ಹಿಡಿಯಿರಿ. ಚಂದ್ರ ಪ್ರತಿದಿನ ಹಿಂದಿನ ದಿನಕ್ಕಿಂತ ಸರಾಸರಿ 50 ನಿಮಿಷ ತಡವಾಗಿ ಏಕೆ ಹುಟ್ಟುತ್ತಾನೆ? 1582ರಲ್ಲಿ ರೋಮ್, ಸ್ಪೇನ್ ಮುಂತಾದೆಡೆ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆದದ್ದು ಹೇಗೆ? ಇಂತಹ ಪ್ರಶ್ನೆಯನ್ನು ಎರಡು ಮೂರು ವಾರಗಳಲ್ಲಿ ತೃಪ್ತಿಯಾಗುವಷ್ಟು ಬಿಡಿಸಬಹುದು, ಮತ್ತು ಅದನ್ನು ಬಿಡಿಸುವ ಹೊತ್ತಿಗೆ ಭೂಮಿಯ ಚಲನೆಯೋ ಪಂಚಾಂಗ ಗಣಿತವೋ ಅರಿವಿಲ್ಲದೆಯೇ ಒಳಗೆ ಬಂದಿರುತ್ತದೆ.

ಕೌಶಲಗಳನ್ನು ಕಲಿಯುವಾಗ ಪ್ರಶ್ನೆಯ ಸ್ಥಾನದಲ್ಲಿ ಒಂದು ಕೆಲಸವಿರಲಿ: ಈ ಹಾಡಿನ ಮೊದಲ ಸಾಲನ್ನು ನುಡಿಸುವುದು, ಹೊಸ ಭಾಷೆಯಲ್ಲಿ ಐದು ನಿಮಿಷ ನನ್ನ ಕೆಲಸದ ಬಗ್ಗೆ ಮಾತಾಡುವುದು, ಮನೆಯ ಖರ್ಚನ್ನು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಬರೆದು ತಿಂಗಳವಾರು ಕೂಡಿಸುವುದು.

ಪ್ರಶ್ನೆ ನಿಮ್ಮದೇ ಆಗಿರಬೇಕು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಕೀನ್ಯಾದಲ್ಲಿ ಸರ್ಕಾರ ಪ್ರಾಥಮಿಕ ಶಿಕ್ಷಣದ ಶುಲ್ಕವನ್ನು ತೆಗೆದುಹಾಕಿದ ಮೇಲೆ, 2004ರಲ್ಲಿ, ಕಿಮಾನಿ ಮರುಗೆ ಎಂಬ 84 ವರ್ಷದ ರೈತ ಮೊದಲ ತರಗತಿಗೆ ಸೇರಿದರು. ಅವರಿಗೆ ಬೇಕಾಗಿದ್ದುದು ಪದವಿಯಲ್ಲ. ಬೈಬಲನ್ನು ಇನ್ನೊಬ್ಬರ ಬಾಯಿಂದ ಕೇಳುವ ಬದಲು ತಾವೇ ಓದಬೇಕಾಗಿತ್ತು. ‘ಈಗಿನ ಕಾಲಕ್ಕೆ ಇದು ಬೇಕು’ ಎಂದು ಪತ್ರಿಕೆಗಳು ಹೇಳಿದ್ದನ್ನು ಕಲಿಯಲು ಹೊರಟವರು ಮೊದಲ ಅಡ್ಡಿಗೇ ನಿಂತುಬಿಡುವುದು ಹೆಚ್ಚು.

ಹೆಜ್ಜೆ 2: ಸಮಯವನ್ನು ಈಗಿರುವ ಒಂದು ಅಭ್ಯಾಸಕ್ಕೆ ಕಟ್ಟಿ

ಬಿಡುವು ಸಿಕ್ಕಾಗ ಕಲಿಯುತ್ತೇನೆ ಎಂದುಕೊಂಡವರಿಗೆ ಬಿಡುವು ಸಿಗುವುದಿಲ್ಲ. ದಿನದಲ್ಲಿ ತಪ್ಪದೆ ನಡೆಯುವ ಒಂದು ಕೆಲಸವನ್ನು ಆರಿಸಿ, ಅದರ ಬೆನ್ನಿಗೇ ಕಲಿಕೆಯನ್ನು ಇರಿಸಿಕೊಳ್ಳಿ: ಬೆಳಗಿನ ಮೊದಲ ಲೋಟ ಕಾಫಿಯೋ ಚಹಾವೋ ಮುಗಿದ ಕೂಡಲೇ, ರಾತ್ರಿಯ ಊಟದ ಪಾತ್ರೆಗಳನ್ನು ತೊಳೆದಿಟ್ಟ ಕೂಡಲೇ. ಇಪ್ಪತ್ತು ನಿಮಿಷ ಸಾಕು. ದಿನ ಕೆಟ್ಟದ್ದಾಗಿದ್ದರೆ ಐದು ನಿಮಿಷವಾದರೂ ಕೂರುವುದೆಂದು ಕನಿಷ್ಠ ಮಿತಿಯೊಂದನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಂಡಿರಿ.

ಅಭ್ಯಾಸವೊಂದು ಬೇರೂರಲು 21 ದಿನ ಸಾಕೆಂಬ ಮಾತು ಎಲ್ಲೆಡೆ ಹರಡಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಹೋದ್ಯೋಗಿಗಳು 96 ಜನರನ್ನು ಗಮನಿಸಿ ನಡೆಸಿದ ಅಧ್ಯಯನದಲ್ಲಿ ಈ ಅವಧಿ ಸರಾಸರಿ 66 ದಿನವೆಂದೂ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತದೆಂದೂ ಲೆಕ್ಕ ಸಿಕ್ಕಿತು. ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಗೋಡೆಯ ಮೇಲೆ ಬರೆದು ಹಾಕಿಕೊಳ್ಳಬಹುದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯೇನೂ ಆಗುವುದಿಲ್ಲ. ಸತತ ದಿನಗಳ ಸರಣಿಯನ್ನು ಎಣಿಸಿ ತೋರಿಸುವ ಮೊಬೈಲ್ ಆ್ಯಪ್‌ಗಳು ಒಂದು ದಿನ ತಪ್ಪಿದೊಡನೆ ಸೊನ್ನೆಗೆ ಇಳಿಸಿ ನಮ್ಮನ್ನು ಅಪರಾಧಿಗಳನ್ನಾಗಿ ಮಾಡುತ್ತವೆ. ಆ ಎಣಿಕೆಯನ್ನು ಮುಚ್ಚಿಡಲು ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿದ್ದರೆ ಮುಚ್ಚಿಡುವುದೇ ಒಳ್ಳೆಯದು.

ಹೆಜ್ಜೆ 3: ಒಂದೇ ಮುಖ್ಯ ಆಕರವನ್ನು ಹಿಡಿಯಿರಿ

ಒಂದು ಪುಸ್ತಕ, ಒಬ್ಬ ಶಿಕ್ಷಕರು ಅಥವಾ ಒಂದು ಕೋರ್ಸು ಮುಖ್ಯವಾಗಿರಲಿ, ಉಳಿದದ್ದು ಸಂದೇಹ ಬಂದಾಗ ನೋಡಲು. ಐದು ಪುಸ್ತಕಗಳ ಮೊದಲ ಅಧ್ಯಾಯವನ್ನು ಓದಿದವರಿಗಿಂತ ಒಂದು ಸಾಧಾರಣ ಪುಸ್ತಕದ ಐದು ಅಧ್ಯಾಯಗಳನ್ನು ಓದಿದವರು ಬಹಳ ಮುಂದಿರುತ್ತಾರೆ. ‘ನಾನು ನೋಡಿ ಕಲಿಯುವವನು’, ‘ನಾನು ಕೇಳಿ ಕಲಿಯುವವಳು’ ಎಂದು ತಮ್ಮನ್ನು ವಿಂಗಡಿಸಿಕೊಂಡು ಆಕರಕ್ಕಾಗಿ ಹುಡುಕುತ್ತ ಕಾಲ ಕಳೆಯುವ ಅಗತ್ಯವೂ ಇಲ್ಲ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮನೋವಿಜ್ಞಾನಿಗಳು 2008ರಲ್ಲಿ ಈ ಕಲಿಕಾಶೈಲಿಗಳ ಬಗೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಲಾಭವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿದ್ದಾರೆ.

ಹೆಜ್ಜೆ 4: ಪುಸ್ತಕ ಮುಚ್ಚಿ ನೆನಪಿಗೆ ತಂದುಕೊಳ್ಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆಯನ್ನು ಅನುಸರಿಸಲು ನಿಮಗೆ ಮನಸ್ಸಿದ್ದರೆ ಅದು ಇದಾಗಲಿ. ಓದಿದ್ದನ್ನೇ ಮತ್ತೆ ಓದಿದಾಗ ವಾಕ್ಯಗಳು ಪರಿಚಿತವೆನಿಸುತ್ತವೆ, ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ಭ್ರಮಿಸುತ್ತೇವೆ. ಬಣ್ಣದ ಪೆನ್ನಿನಿಂದ ಸಾಲುಗಳಿಗೆ ಗೆರೆ ಎಳೆಯುವುದರಿಂದ ಆಗುವುದೂ ಹೆಚ್ಚುಕಡಿಮೆ ಇದೇ. ಜಾನ್ ಡನ್ಲಾಸ್ಕಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಓದುವ ಹತ್ತು ವಿಧಾನಗಳನ್ನು ತೂಗಿನೋಡಿದಾಗ ಮರುಓದು ಮತ್ತು ಗೆರೆ ಎಳೆಯುವಿಕೆ ಕಡಿಮೆ ಉಪಯೋಗದ ಗುಂಪಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ದಿನಗಳ ಅಂತರದಲ್ಲಿ ಹಂಚುವುದು, ಈ ಎರಡು ಮಾತ್ರ ಅತ್ಯುಪಯುಕ್ತವೆನಿಸಿದವು.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ವಿದ್ಯಾರ್ಥಿಗಳ ಒಂದು ಗುಂಪು ಗದ್ಯಭಾಗವೊಂದನ್ನು ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ನೆನಪಿನಿಂದ ಬರೆಯಿತು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ ಕಳೆದಾಗ ಮತ್ತು ಒಂದು ವಾರ ಕಳೆದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ನಾಳೆ ಬೆಳಗಿನ ಪರೀಕ್ಷೆಗೆ ಓದುವ ಹುಡುಗರಿಗೆ ಮರುಓದು ಏಕೆ ಪ್ರಿಯವೆಂಬುದೂ, ಪರೀಕ್ಷೆಯಿಲ್ಲದೆ ತನಗಾಗಿ ಕಲಿಯುವವರಿಗೆ ಅದು ಏಕೆ ಸಲ್ಲದೆಂಬುದೂ ಇದರಿಂದ ತಿಳಿಯುತ್ತದೆ.

ಮಾಡಬೇಕಾದ ಕ್ರಮ ಹೀಗಿದೆ. ಎರಡು ಮೂರು ಪುಟ ಓದಿ, ಅಥವಾ ಹತ್ತು ನಿಮಿಷದ ವಿಡಿಯೊ ನೋಡಿ. ಪುಸ್ತಕ ಮುಚ್ಚಿ, ಪರದೆ ಆರಿಸಿ. ಖಾಲಿ ಹಾಳೆಯ ಮೇಲೆ ಮುಖ್ಯಾಂಶಗಳನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಬಳಿಕ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಬೇರೆ ಬಣ್ಣದಲ್ಲಿ ಸೇರಿಸಿ. ಚಂದ್ರೋದಯದ ಪ್ರಶ್ನೆಯನ್ನೇ ತೆಗೆದುಕೊಂಡರೆ ಹಾಳೆಯ ಮೇಲೆ ಹೀಗೆ ಬರಬಹುದು: ‘ಚಂದ್ರ ತನ್ನ ಕಕ್ಷೆಯಲ್ಲಿ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಭೂಮಿ ಅವನನ್ನು ಮತ್ತೆ ಅದೇ ಸ್ಥಾನದಲ್ಲಿ ಕಾಣಲು ಅಷ್ಟು ಹೆಚ್ಚು ತಿರುಗಬೇಕು. ಒಂದು ಡಿಗ್ರಿಗೆ 4 ನಿಮಿಷದಂತೆ 52 ನಿಮಿಷ.’ ಇಷ್ಟು ಬರೆದೊಡನೆ ಲೇಖನಿ ನಿಲ್ಲುತ್ತದೆ, ಏಕೆಂದರೆ 52 ಎಂದು ಲೆಕ್ಕ ಬಂದಿದೆ, ಪುಸ್ತಕ 50 ಎನ್ನುತ್ತದೆ. ಎರಡು ನಿಮಿಷ ಎಲ್ಲಿ ಹೋಯಿತು? ಸೂರ್ಯನೂ ದಿನಕ್ಕೆ ಸುಮಾರು ಒಂದು ಡಿಗ್ರಿ ಪೂರ್ವಕ್ಕೆ ಸರಿದಂತೆ ಕಾಣುವುದನ್ನೂ, ನಮ್ಮ ಗಡಿಯಾರದ ದಿನ ಸೂರ್ಯನನ್ನು ಅನುಸರಿಸಿದ್ದೆಂಬುದನ್ನೂ, ಆದ್ದರಿಂದ ಎಣಿಸಬೇಕಾದದ್ದು 13ರ ಬದಲು ಸುಮಾರು 12 ಡಿಗ್ರಿ ಮಾತ್ರವೆಂಬುದನ್ನೂ, ಭೂಮಿ ಆ 12 ಡಿಗ್ರಿ ತಿರುಗುವಷ್ಟರಲ್ಲಿ ಚಂದ್ರ ಇನ್ನಷ್ಟು ಮುಂದೆ ಹೋಗಿರುತ್ತಾನೆಂಬುದನ್ನೂ ಆಗ ಹುಡುಕಿಕೊಂಡು ಹೋಗುತ್ತೀರಿ. ಬರೀ ಓದುತ್ತಿದ್ದರೆ ಈ ತೊಡಕು ಕಣ್ಣಿಗೇ ಬೀಳುತ್ತಿರಲಿಲ್ಲ.

ಈ ಕೆಲಸ ಅಹಿತಕರ. ಖಾಲಿ ಹಾಳೆಯ ಮುಂದೆ ಕುಳಿತಾಗ ಏನೂ ಕಲಿತಿಲ್ಲವೆಂಬ ಭಾವನೆ ಬರುತ್ತದೆ, ಅದರಲ್ಲೂ ಶಾಲೆ ಬಿಟ್ಟು ಬಹಳ ವರ್ಷವಾದವರಿಗೆ ಹಳೆಯ ಪರೀಕ್ಷೆಗಳ ಭಯವೂ ಜೊತೆಗೂಡುತ್ತದೆ. ಇಲ್ಲಿ ಅಂಕ ಹಾಕುವವರು ಯಾರೂ ಇಲ್ಲ. ತಡಕಾಡಿ ತೆಗೆದ ನೆನಪು ತಡಕಾಡಿದ ಕಾರಣಕ್ಕೇ ಗಟ್ಟಿಯಾಗುತ್ತದೆ.

ಸಂಭಾಷಣೆ ನಡೆಸುವ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸುವವರಿಗೆ ಇಲ್ಲಿ ಒಂದು ಮಾತು. ಅವುಗಳಿಂದ ವಿವರಣೆ ಕೇಳಿ ಓದುವುದು ಮರುಓದಿನ ಇನ್ನೊಂದು ರೂಪವಷ್ಟೇ. ಅದರ ಬದಲು, ‘ಈ ವಿಷಯದಲ್ಲಿ ನನಗೆ ಒಂದೊಂದಾಗಿ ಪ್ರಶ್ನೆ ಕೇಳು, ನಾನು ಉತ್ತರಿಸಿದ ಮೇಲೆ ಮಾತ್ರ ತಿದ್ದು’ ಎಂದು ಹೇಳಿದರೆ ಅವು ಒಳ್ಳೆಯ ಪರೀಕ್ಷಕರಾಗುತ್ತವೆ. ತಪ್ಪನ್ನೂ ಅವು ಆತ್ಮವಿಶ್ವಾಸದಿಂದಲೇ ಹೇಳುವುದರಿಂದ, ಇಸವಿ, ಅಂಕಿ, ಹೆಸರುಗಳನ್ನು ನಿಮ್ಮ ಮುಖ್ಯ ಆಕರದೊಂದಿಗೆ ತಾಳೆ ನೋಡಿ.

ಹೆಜ್ಜೆ 5: ಅಂತರವಿಟ್ಟು ಪುನರಾವರ್ತಿಸಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು 1885ರಲ್ಲಿ ಪ್ರಕಟಿಸಿದನು. ಇಪ್ಪತ್ತು ನಿಮಿಷಗಳಾಗುವಷ್ಟರಲ್ಲಿ ಸುಮಾರು ಶೇ 58ರಷ್ಟು, ಒಂದು ದಿನದ ನಂತರ ಸುಮಾರು ಶೇ 34ರಷ್ಟು, 31 ದಿನಗಳ ನಂತರ ಸುಮಾರು ಶೇ 21ರಷ್ಟು ಉಳಿದಿತ್ತು. ಮರೆವಿನ ಬಹುಭಾಗ ಮೊದಲ ದಿನವೇ ಮುಗಿದುಹೋಗುತ್ತದೆ. ಆಮೇಲಿನ ಇಳಿಕೆ ಬಹಳ ನಿಧಾನ. ಆದ್ದರಿಂದ ಮೊದಲ ಪುನರಾವರ್ತನೆ ಮರುದಿನವೇ ಆಗಬೇಕು, ಅನಂತರದವು ದೂರ ದೂರ ಸರಿಯುತ್ತ ಹೋಗಬಹುದು.

ಎಷ್ಟು ದೂರ ಎಂಬುದು ನಿಮಗೆ ಎಷ್ಟು ಕಾಲ ನೆನಪಿರಬೇಕು ಎಂಬುದನ್ನು ಅವಲಂಬಿಸಿದೆ. ನಿಕೋಲಸ್ ಸೆಪೆಡಾ ಮತ್ತು ಇತರರ 2008ರ ಪ್ರಯೋಗದಲ್ಲಿ, ಒಂದು ವಾರದ ನಂತರದ ಪರೀಕ್ಷೆಗೆ ಒಂದು ದಿನದ ಅಂತರದ ಪುನರಾವರ್ತನೆ ಉತ್ತಮವಾಗಿತ್ತು. ಹೆಚ್ಚುಕಡಿಮೆ ಒಂದು ವರ್ಷದ ನಂತರದ ಪರೀಕ್ಷೆಗೆ ಸುಮಾರು ಮೂರು ವಾರಗಳ ಅಂತರ ಉತ್ತಮವಾಗಿತ್ತು. ಸಾಮಾನ್ಯ ಓದುಗರು ಮರುದಿನ, ಒಂದು ವಾರ, ಒಂದು ತಿಂಗಳು, ಮೂರು ತಿಂಗಳು ಎಂಬ ಸರಳ ಕ್ರಮವನ್ನು ಇಟ್ಟುಕೊಂಡರೆ ಸಾಕು. ಕ್ಯಾಲೆಂಡರಿನಲ್ಲಿ ಆ ದಿನಗಳ ಮೇಲೆ ವಿಷಯದ ಹೆಸರನ್ನಷ್ಟೇ ಬರೆದಿಡಿ, ಆ ದಿನ ಬಂದಾಗ ಮೊದಲು ಖಾಲಿ ಹಾಳೆ, ಬಳಿಕ ಪುಸ್ತಕ.

ಹೊಸ ಭಾಷೆಯ ಪದಗಳು, ಸೂತ್ರಗಳು, ಸಸ್ಯಗಳ ಹೆಸರುಗಳು ಮುಂತಾದ ಬಿಡಿ ಸಂಗತಿಗಳಿಗೆ ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ವಿವರಿಸಿದ ಪೆಟ್ಟಿಗೆಯ ವಿಧಾನ ಇಂದಿಗೂ ಅನುಕೂಲಕರ. ಕಾರ್ಡಿನ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಪೆಟ್ಟಿಗೆಯಲ್ಲಿ ಐದು ಖಾನೆಗಳು. ಸರಿಯಾಗಿ ಉತ್ತರಿಸಿದ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಾದರೆ ಮೊದಲನೆಯದಕ್ಕೆ ಮರಳುತ್ತದೆ. ಮೊದಲ ಖಾನೆಯನ್ನು ಪ್ರತಿದಿನ, ಮುಂದಿನವುಗಳನ್ನು ಹೆಚ್ಚೆಚ್ಚು ಅಂತರದಲ್ಲಿ ನೋಡಬೇಕು. ಇದನ್ನೇ ಮಾಡುವ ಆ್ಯಪ್‌ಗಳು ಹಲವಿವೆ. ಇನ್ನೊಬ್ಬರು ತಯಾರಿಸಿದ ಸಾವಿರ ಕಾರ್ಡುಗಳ ಕಟ್ಟನ್ನು ಇಳಿಸಿಕೊಳ್ಳುವ ಆಸೆಯನ್ನು ಅದುಮಿಕೊಂಡು, ದಿನಕ್ಕೆ ಐದಾದರೂ ನಿಮ್ಮ ಕೈಯಿಂದಲೇ ಬರೆಯಿರಿ.

ನಿದ್ರೆಯನ್ನು ಕಡಿತಗೊಳಿಸಿ ಕಲಿಯುವುದು ಯಾವ ವಯಸ್ಸಿಗೂ ನಷ್ಟದ ವ್ಯಾಪಾರ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸದ ದೊಡ್ಡ ಪಾಲು ನಿದ್ರೆಯಲ್ಲೇ ನಡೆಯುತ್ತದೆ.

ಹೆಜ್ಜೆ 6: ಕೈಯಿಂದ ಕಲಿಯಬೇಕಾದದ್ದನ್ನು ತುಂಡು ಮಾಡಿ, ಬೆರೆಸಿ ಅಭ್ಯಾಸ ಮಾಡಿ

ವಾದ್ಯ, ಚಿತ್ರಕಲೆ, ಈಜು, ಹೊಲಿಗೆ, ಪ್ರೋಗ್ರಾಮಿಂಗ್ ಮುಂತಾದವುಗಳಲ್ಲಿ ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಮಾಡುವ ಅಭ್ಯಾಸ ಸಾಮಾನ್ಯ. ಬರುವ ಭಾಗವನ್ನೇ ಸುಖವಾಗಿ ಪುನರಾವರ್ತಿಸಿ, ಬರದ ಭಾಗವನ್ನು ಅದರ ವೇಗದಲ್ಲೇ ಮರೆಸುವ ದಾರಿ ಅದು. ಎಡವುವ ಜಾಗವನ್ನು ಗುರುತಿಸಿ, ಅಷ್ಟನ್ನೇ ಕತ್ತರಿಸಿ ತೆಗೆದು, ನಿಧಾನಗತಿಯಲ್ಲಿ ಅಭ್ಯಾಸ ಮಾಡಿ. ಮೊಬೈಲಿನಲ್ಲಿ ದಾಖಲಿಸಿ ಕೇಳಿಸಿಕೊಳ್ಳಿ ಅಥವಾ ನೋಡಿಕೊಳ್ಳಿ. ತಿದ್ದುವವರು ಇಲ್ಲದೆ ಈ ಬಗೆಯ ಕಲಿಕೆ ಒಂದು ಹಂತದಾಚೆಗೆ ಸಾಗುವುದಿಲ್ಲ, ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬಲ್ಲವರ ಮುಂದೆ ಮಾಡಿ ತೋರಿಸುವ ಏರ್ಪಾಡು ಇರಲಿ.

ಬಿಡಿ ಭಾಗಗಳು ಸ್ವಲ್ಪ ಕೈವಶವಾದ ಮೇಲೆ ಅವನ್ನು ಬೆರೆಸಬೇಕು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಬೇರೆ ಬೇರೆ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಬೆರೆಸಿ ಬಿಡಿಸಿದವರು ಅಭ್ಯಾಸದ ವೇಳೆಯಲ್ಲಿ ಹೆಚ್ಚು ತಪ್ಪು ಮಾಡಿದರು, ಆದರೆ ವಾರದ ನಂತರದ ಪರೀಕ್ಷೆಯಲ್ಲಿ ಒಂದೊಂದು ಬಗೆಯನ್ನು ಪ್ರತ್ಯೇಕವಾಗಿ ಮುಗಿಸಿದವರಿಗಿಂತ ಬಹಳ ಮುಂದಿದ್ದರು. ಯಾವ ವಿಧಾನವನ್ನು ಬಳಸಬೇಕು ಎಂದು ಆರಿಸುವುದೂ ಕಲಿಯಬೇಕಾದ ಸಂಗತಿಯೇ; ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡಿದರೆ ಆ ಆಯ್ಕೆ ಮಾಡುವ ಪ್ರಸಂಗವೇ ಬರುವುದಿಲ್ಲ.

ಎಷ್ಟು ಕಷ್ಟದ್ದನ್ನು ಆರಿಸಬೇಕು ಎಂಬುದಕ್ಕೆ ಹಿರಿಯರ ಮೇಲೆ ನಡೆದ ಒಂದು ಅಧ್ಯಯನ ಸೂಚನೆ ಕೊಡುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಡೆನಿಸ್ ಪಾರ್ಕ್ ಮತ್ತು ಸಹೋದ್ಯೋಗಿಗಳು 60ರಿಂದ 90 ವರ್ಷದವರಿಗೆ ಡಿಜಿಟಲ್ ಛಾಯಾಗ್ರಹಣವನ್ನೋ ಕೌದಿ ಹೊಲಿಗೆಯನ್ನೋ ಅಥವಾ ಎರಡನ್ನೂ ವಾರಕ್ಕೆ ಸುಮಾರು 15 ಗಂಟೆಗಳಂತೆ ಮೂರು ತಿಂಗಳು ಕಲಿಸಿದರು. ಇನ್ನೊಂದು ಗುಂಪು ಅಷ್ಟೇ ಹೊತ್ತು ಒಟ್ಟಾಗಿ ಸೇರಿ ಹರಟೆ, ಪ್ರವಾಸ, ಆಟಗಳಲ್ಲಿ ಕಳೆಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೆನಪಿನ ಶಕ್ತಿಯಲ್ಲಿ ಸುಧಾರಣೆ ಕಂಡದ್ದು ಹೊಸ ಕೌಶಲ ಕಲಿತವರಲ್ಲಿ. ಈಗಾಗಲೇ ಬಲ್ಲ ಪದಬಂಧವನ್ನು ದಿನವೂ ತುಂಬುವುದು ಮನಸ್ಸಿಗೆ ಹಿತವಾದದ್ದೇ, ಬೇಡವೆನ್ನುವುದಿಲ್ಲ. ಆದರೆ ಹೊಸದನ್ನು ಕಲಿಯುವುದರ ಲೆಕ್ಕಕ್ಕೆ ಅದು ಬಾರದು.

ಹೆಜ್ಜೆ 7: ಒಬ್ಬರಿಗಾದರೂ ಹೇಳಿ

ಕಲಿತದ್ದನ್ನು ವಾರಕ್ಕೊಮ್ಮೆ ಯಾರಿಗಾದರೂ ವಿವರಿಸಿ. ಕೇಳುವವರಿಗೆ ಆ ವಿಷಯ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ‘ಅದೇಕೆ ಹಾಗೆ?’ ಎಂಬ ಅವರ ಪ್ರಶ್ನೆ ನಿಮ್ಮ ತಿಳಿವಳಿಕೆಯ ತೂತನ್ನು ನೇರವಾಗಿ ಮುಟ್ಟುತ್ತದೆ. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ನಿವೃತ್ತರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ಎಂಬ ವ್ಯವಸ್ಥೆ ಆರಂಭವಾಯಿತು. 1980ರ ದಶಕದಲ್ಲಿ ಅದು ಬ್ರಿಟನ್ನಿಗೆ ಬಂದಾಗ ಪ್ರಾಧ್ಯಾಪಕರ ಬದಲು ಸದಸ್ಯರೇ ಒಬ್ಬರಿಗೊಬ್ಬರು ಕಲಿಸುವ ರೂಪ ತಾಳಿತು. ಇಂದು ಭೂವಿಜ್ಞಾನ ಕಲಿಸಿದವರು ನಾಳೆ ಇನ್ನೊಬ್ಬರ ಸಂಗೀತದ ಗುಂಪಿನಲ್ಲಿ ವಿದ್ಯಾರ್ಥಿ. ಇದಕ್ಕೆ ಕಟ್ಟಡವಾಗಲಿ ಪ್ರವೇಶ ಪರೀಕ್ಷೆಯಾಗಲಿ ಬೇಕಿಲ್ಲ. ಮೂರು ನಾಲ್ಕು ಜನ, ವಾರಕ್ಕೆ ಒಂದು ಗಂಟೆ, ಒಬ್ಬರು ಹದಿನೈದು ನಿಮಿಷ ಹೇಳುವುದು, ಉಳಿದವರು ಕೇಳುವುದು. ದೂರದಲ್ಲಿರುವವರಾದರೆ ವಿಡಿಯೊ ಕರೆಯಾದರೂ ನಡೆಯುತ್ತದೆ. ಬಿಟ್ಟುಹೋದವರನ್ನು ‘ಈ ವಾರ ಬರುತ್ತೀರಾ?’ ಎಂದು ಕೇಳುವ ಒಂದು ದನಿ ಗುಂಪಿನಲ್ಲಿ ಇರುವುದೇ ಇದರ ದೊಡ್ಡ ಲಾಭ.

ಹೆಜ್ಜೆ 8: ಬಿಟ್ಟುಹೋದಾಗ ಮರಳುವ ಏರ್ಪಾಡನ್ನು ಮೊದಲೇ ಮಾಡಿಡಿ

ಪ್ರತಿದಿನದ ಕಲಿಕೆಯ ಕೊನೆಯ ಎರಡು ನಿಮಿಷಗಳನ್ನು ಒಂದು ಟಿಪ್ಪಣಿಗೆ ಮೀಸಲಿಡಿ. ಅದರಲ್ಲಿ ಮೂರು ಸಾಲು ಸಾಕು: ಎಲ್ಲಿಗೆ ನಿಲ್ಲಿಸಿದೆ, ಏನು ಅರ್ಥವಾಗಲಿಲ್ಲ, ಮುಂದಿನ ಸಲ ಕೂತೊಡನೆ ಮಾಡಬೇಕಾದ ಮೊದಲ ಕೆಲಸ ಯಾವುದು. ಮೂರನೆಯ ಸಾಲು ಎಷ್ಟು ನಿರ್ದಿಷ್ಟವಾಗಿದ್ದರೆ ಅಷ್ಟು ಒಳಿತು. ‘ಮುಂದುವರಿಸುವುದು’ ಎಂದು ಬರೆದರೆ ತಿಂಗಳ ನಂತರ ಅದರಿಂದ ಏನೂ ತಿಳಿಯದು. ‘ಪುಟ 64ರ ಎರಡನೆಯ ಲೆಕ್ಕವನ್ನು ಉತ್ತರ ನೋಡದೆ ಬಿಡಿಸುವುದು’ ಎಂದು ಬರೆದಿದ್ದರೆ ಕೈ ತಾನೇ ಪುಟ ತಿರುವುತ್ತದೆ. ಟಿಪ್ಪಣಿ ಯಾವಾಗಲೂ ಒಂದೇ ಜಾಗದಲ್ಲಿರಲಿ. ಪುಸ್ತಕ, ಕಾಗದ, ವಾದ್ಯ, ಯಾವುದೇ ಇರಲಿ, ಕಣ್ಣಿಗೆ ಕಾಣುವಂತೆ, ತೆಗೆಯಲು ಶ್ರಮವಿಲ್ಲದಂತೆ ಇರಲಿ.

ಮರಳಿದ ದಿನ ಹಿಂದಿನದೆಲ್ಲವನ್ನೂ ಮೊದಲಿನಿಂದ ಓದಲು ಹೊರಡಬೇಡಿ. ಹಾಗೆ ಹೊರಟವರು ಮೊದಲ ಅಧ್ಯಾಯವನ್ನು ನಾಲ್ಕು ಸಲ ಓದಿ, ಐದನೆಯ ಅಧ್ಯಾಯವನ್ನು ಎಂದೂ ಕಾಣದೆ ಉಳಿಯುತ್ತಾರೆ. ಮೊದಲು ಖಾಲಿ ಹಾಳೆಯ ಮೇಲೆ ನೆನಪಿರುವಷ್ಟನ್ನು ಬರೆಯಿರಿ. ಅದು ನಾಲ್ಕೇ ಸಾಲಾದರೂ ಸರಿ. ಬಳಿಕ ಹಳೆಯ ಹಾಳೆಗಳೊಡನೆ ಹೋಲಿಸಿ, ಕಳೆದುಹೋದದ್ದನ್ನು ಮಾತ್ರ ನೋಡಿಕೊಂಡು, ಟಿಪ್ಪಣಿಯ ಮೂರನೆಯ ಸಾಲಿನಿಂದ ಮುಂದಕ್ಕೆ ಹೋಗಿ. ಮೊದಲ ವಾರ ಐದೈದು ನಿಮಿಷದ ಕನಿಷ್ಠ ಮಿತಿಯಲ್ಲೇ ಇರಿ. ತಪ್ಪಿದ ದಿನಗಳ ಬಾಕಿಯನ್ನು ಒಂದೇ ಭಾನುವಾರ ತೀರಿಸುವ ಪ್ರಯತ್ನದಿಂದ ಬರುವುದು ದಣಿವು ಮಾತ್ರ.

ಎಬ್ಬಿಂಗ್‌ಹೌಸ್‌ನ ಅಂಕಿಗಳ ಬಗ್ಗೆ ಹೇಳದೆ ಬಿಟ್ಟ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವನು ಅಳೆದದ್ದು ಎಷ್ಟು ಅಕ್ಷರಗಳು ನೆನಪಿಗೆ ಬಂದವು ಎಂಬುದನ್ನಲ್ಲ. ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಮೊದಲಿಗಿಂತ ಎಷ್ಟು ಕಡಿಮೆ ಸಮಯ ಹಿಡಿಯಿತು ಎಂಬುದನ್ನು. ತಿಂಗಳ ನಂತರ ಉಳಿದ ಶೇ 21 ಎಂದರೆ ಆ ಉಳಿತಾಯ, ಅದೂ ಅರ್ಥವೇ ಇಲ್ಲದ ಅಕ್ಷರಗಳ ವಿಷಯದಲ್ಲಿ. ಅರ್ಥವುಳ್ಳ ಸಂಗತಿಗಳು, ಅದರಲ್ಲೂ ನೆನಪಿನಿಂದ ಬರೆದು ಗಟ್ಟಿ ಮಾಡಿಕೊಂಡವು, ಇದಕ್ಕಿಂತ ಎಷ್ಟೋ ಚೆನ್ನಾಗಿ ಉಳಿಯುತ್ತವೆ. ಮರೆತಂತೆ ಕಾಣುವ ವಿಷಯ ಹುಲ್ಲು ಬೆಳೆದ ಕಾಲುದಾರಿಯ ಹಾಗೆ: ದೂರದಿಂದ ನೋಡಿದರೆ ಗುರುತು ಸಿಗದು, ಕಾಲಿಟ್ಟರೆ ಕೆಳಗಿನ ನೆಲ ಗಟ್ಟಿಯಾಗಿಯೇ ಇರುತ್ತದೆ. ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟ ಭಾಷೆಯನ್ನೋ ವಾದ್ಯವನ್ನೋ ಮತ್ತೆ ಕೈಗೆತ್ತಿಕೊಳ್ಳಲು ಹಿಂಜರಿಯುವವರು, ಹೊಸದೊಂದನ್ನು ಹುಡುಕುವ ಮುನ್ನ ಎರಡು ವಾರ ಅದನ್ನೇ ಪ್ರಯತ್ನಿಸಿ ನೋಡಬೇಕೆಂಬುದು ನನ್ನ ಸಲಹೆ.

ಹೆಜ್ಜೆ 9: ಮುಗಿಸುವುದನ್ನೂ ನಿರ್ಧರಿಸಿ

ಎಲ್ಲಕ್ಕೂ ಮರಳಬೇಕೆಂಬ ನಿಯಮವಿಲ್ಲ. ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ, ಅಥವಾ ಆರು ವಾರ ಕ್ರಮವಾಗಿ ಕೂತ ಮೇಲೂ ಆ ವಿಷಯದ ಬಗ್ಗೆ ಕುತೂಹಲ ಹುಟ್ಟದಿದ್ದರೆ, ಅದನ್ನು ಪ್ರಜ್ಞಾಪೂರ್ವಕವಾಗಿ ಮುಗಿಸಿ. ತಾನಾಗಿ ಜಾರಿಹೋದ ವಿಷಯ ಮನಸ್ಸಿನ ಮೂಲೆಯಲ್ಲಿ ಕುಳಿತು ಚುಚ್ಚುತ್ತಿರುತ್ತದೆ. ಮುಗಿಸಿದೆನೆಂದು ಬರೆದಿಟ್ಟ ವಿಷಯ ಹಾಗೆ ಮಾಡುವುದಿಲ್ಲ. ಒಂದು ಪುಟದಲ್ಲಿ ಏನು ಕಲಿತೆ, ಎಲ್ಲಿ ನಿಂತೆ, ಯಾವುದು ಇನ್ನೂ ತಿಳಿದಿಲ್ಲ ಎಂದು ಬರೆದು, ಹಾಳೆಗಳನ್ನೆಲ್ಲ ಒಂದು ಕಡತದಲ್ಲಿ ಸೇರಿಸಿ, ಮೇಲೆ ತಿಂಗಳು ಮತ್ತು ವರ್ಷ ನಮೂದಿಸಿ.

ಪ್ರಮಾಣಪತ್ರವನ್ನು ಉದ್ಯೋಗಕ್ಕೆ ಬೇಕಾದಾಗ ಪಡೆಯಿರಿ. ಬೇಡವಾದಾಗ ಅದರ ಹಿಂದೆ ಹೋದರೆ, ಪ್ರಮಾಣಪತ್ರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕಲಿಯುವ ಅಭ್ಯಾಸ ಬೀಳುತ್ತದೆ. ಮೇರಿ ಡೆಲನಿ ಎಂಬ ಇಂಗ್ಲಿಷ್ ಮಹಿಳೆ 1772ರಲ್ಲಿ, 72ರ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿ ಸಸ್ಯಗಳ ನಿಖರ ಚಿತ್ರಗಳನ್ನು ಮಾಡಲು ತೊಡಗಿದಳು. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ, ದೃಷ್ಟಿ ಮಂದವಾಗಿ ಕೈಬಿಡುವವರೆಗೆ, 900ಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದಳು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವಳ ಮುಂದೆ ಪಠ್ಯಕ್ರಮವೇನೂ ಇರಲಿಲ್ಲ, ಒಂದು ಗಿಡ ಮುಗಿದ ಮೇಲೆ ಮೇಜಿಗೆ ಇನ್ನೊಂದು ಗಿಡ ಬರುತ್ತಿತ್ತು.

ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಮುಗಿಸಿದ ಪುಟದ ‘ಇನ್ನೂ ತಿಳಿದಿಲ್ಲ’ ಎಂಬ ಭಾಗದಲ್ಲೇ ಸಿಗುತ್ತದೆ. ಚಂದ್ರೋದಯದ ತಡ ಸರಾಸರಿ 50 ನಿಮಿಷವೇನೋ ಹೌದು, ಆದರೆ ವರ್ಷದ ಕೆಲವು ದಿನಗಳಲ್ಲಿ ಅದು ಗಣನೀಯವಾಗಿ ಕಡಿಮೆಯಾಗುತ್ತದೆ, ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಈ ವ್ಯತ್ಯಾಸ ಹಿಗ್ಗುತ್ತದೆ. ಏಕೆಂದು ತಿಳಿಯಬೇಕೆನಿಸಿದರೆ ಕಡತದಿಂದ ಹೊಸ ಹಾಳೆಯೊಂದನ್ನು ತೆಗೆದು, ಮೇಲ್ಗಡೆ ಆ ಪ್ರಶ್ನೆಯನ್ನೂ ಕೆಳಗಡೆ ನಾಳೆ ಮಾಡಬೇಕಾದ ಮೊದಲ ಕೆಲಸವನ್ನೂ ಬರೆದಿಡಿ.